ಗುರುವಾರದ ಸಂತೆಯ ಇಪ್ಪತ್ತೈದು ನಿಮಿಷ

2012ರ ಮಳೆಗಾಲದಲ್ಲಿ ಎರಡು ವಾರ ನಾವು ಕ್ಯಾಮರಾದ ಮುಂದೆ ಕುಳಿತು ಮಾತನಾಡಿದೆವು. ಬಸವನಗುಡಿಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಕಚೇರಿ. ಕೆಳಗೆ ಸ್ಟೀಲ್ ಪಾತ್ರೆಗಳ ಅಂಗಡಿ. ಹದಿನಾಲ್ಕು ಜನ ಕೆಲಸ ಮಾಡುತ್ತಿದ್ದೆವು. ಹಳ್ಳಿಗಳ ಡೈರಿಗಳಿಂದ ಹಾಲು ತುಂಬಿಕೊಂಡು ಬರುವ ಟ್ಯಾಂಕರುಗಳು ಯಾವ ದಾರಿ ಹಿಡಿಯಬೇಕು, ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪಬೇಕು ಎಂದು ಲೆಕ್ಕ ಹಾಕಿಕೊಡುವ ತಂತ್ರಾಂಶ ನಮ್ಮದು. ಆರು ವರ್ಷ ಅದೊಂದನ್ನೇ ತಿದ್ದಿ ತೀಡಿ ಬೆಳೆಸಿದ್ದೆವು. ಆ ವರ್ಷ ಹೊರದೇಶದ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಂಡುಕೊಂಡಿತು. ಕರಾರಿನಲ್ಲಿ ‘ಜ್ಞಾನ ವರ್ಗಾವಣೆ’ ಎಂಬ ಕಲಮು ಇತ್ತು. ಸಾಫ್ಟ್‌ವೇರ್ ಕಚೇರಿಗಳಲ್ಲಿ ಎಲ್ಲರ ಬಾಯಲ್ಲೂ ಅದು ‘ಕೆಟಿ’. ನಮಗೆ ಗೊತ್ತಿರುವುದನ್ನೆಲ್ಲ ಹತ್ತು ದಿನಗಳಲ್ಲಿ ಹೇಳಿ ಮುಗಿಸಬೇಕು, ಹೇಳಿದ್ದೆಲ್ಲ ವಿಡಿಯೊ ಆಗಿ ಉಳಿಯಬೇಕು, ಅದನ್ನು ನೋಡಿ ಬೇರೊಂದು ದೇಶದ ತಂಡ ನಮ್ಮ ಕೆಲಸ ಕಲಿತುಕೊಳ್ಳಬೇಕು.

ಏಳನೆಯ ದಿನದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪರದೆಯ ಮೇಲೆ ಒಂದು ಪುಟ ಕೋಡ್ ತೆರೆದಿತ್ತು. ಅದರ ನಡುವೆ ನಾಲ್ಕೈದು ಸಾಲು: ಗುರುವಾರವಾಗಿದ್ದರೆ, ಹೊತ್ತು ಮಧ್ಯಾಹ್ನ ಮೂರರಿಂದ ಆರರ ಒಳಗಿದ್ದರೆ, ದಾರಿ ಇಂಥ ಊರಿನ ಮೇಲೆ ಹಾದುಹೋಗುವುದಾದರೆ, 25 ನಿಮಿಷ ಕೂಡಿಸು. ಆಚೆ ತುದಿಯಲ್ಲಿದ್ದ ಇಂಜಿನಿಯರ್, ಚೆನ್ನಾಗಿ ಓದಿಕೊಂಡ ಒಳ್ಳೆಯ ಹುಡುಗ, ಈ ಸಂಖ್ಯೆ ಯಾವ ದತ್ತಾಂಶದಿಂದ ಬಂತು ಎಂದು ಕೇಳಿದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದ ಮದ್ದೂರು ಕಡೆಯ ಸಹೋದ್ಯೋಗಿಯೊಬ್ಬರು ಉತ್ತರ ಕೊಟ್ಟರು. ‘ಅವತ್ತು ಅಲ್ಲಿ ಸಂತೆ.’

ಅವರು ಸುಮ್ಮನೆ ಹೇಳಿದ ಮಾತಲ್ಲ. ತಂತ್ರಾಂಶ ಶುರುವಾದ ಕಾಲದಲ್ಲಿ ಮೂರು ವಾರ ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ಚಾಲಕರ ಪಕ್ಕ ಕುಳಿತು ಊರೂರು ಸುತ್ತಿದ್ದರು. ಆ ದಾರಿಯ ಚಾಲಕ ಪ್ರತಿ ಗುರುವಾರ ಊರಿಗೆ ಎರಡು ಕಿಲೋಮೀಟರ್ ಮೊದಲೇ ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದ. ಯಾಕೆ ಎಂದು ಇವರು ಕೇಳಿದ್ದಾರೆ. ಈರುಳ್ಳಿ ಗಾಡಿಗಳೂ ಕುರಿ ಮಾರುವವರೂ ರಸ್ತೆಯ ಎರಡೂ ಬದಿ ತುಂಬಿರುತ್ತಾರೆ, ಒಳಗೆ ಹೋದರೆ ಹಿಂದೆ ಬರಲಾಗುವುದಿಲ್ಲ, ಸ್ವಲ್ಪ ಹೊತ್ತು ತಡೆದು ಹೋಗುವುದೇ ವಾಸಿ ಎಂದು ಚಾಲಕ ಹೇಳಿದ್ದಾನೆ. ಎರಡು ಮೂರು ಗುರುವಾರ ಗಡಿಯಾರ ನೋಡಿ ಇವರು 25 ಎಂಬ ಸಂಖ್ಯೆ ಬರೆದುಕೊಂಡು ಬಂದಿದ್ದರು. ನಮ್ಮ ತಂತ್ರಾಂಶದಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚು ಇದ್ದವು. ಕೊಳ್ಳುವವರಿಗೆ ನಾವು ತೋರಿಸಿದ್ದು ದಾರಿ ಹುಡುಕುವ ಗಣಿತದ ಸೂತ್ರ. ಗ್ರಾಹಕರು ನಮ್ಮನ್ನು ಬಿಡದೆ ಇದ್ದದ್ದು ಈ ಇನ್ನೂರರಿಂದಾಗಿ.

ಮೂರು ತಿಂಗಳಲ್ಲಿ ಆ ಸಾಲುಗಳನ್ನು ತೆಗೆದುಹಾಕಿದರು. ಎಲ್ಲ ದೇಶಗಳಿಗೂ ಒಂದೇ ಕೋಡ್ ಇರಬೇಕು ಎಂಬುದು ಅವರ ನಿಯಮ. ಗುರುವಾರಗಳಂದು ಟ್ಯಾಂಕರ್ ತಡವಾಗತೊಡಗಿತು. ಮುಂದಿನ ಊರಿನ ಕೂಲರ್ ಖಾಲಿಯಾಗದೆ, ಸಂಜೆಯ ಹಾಲು ಸುರಿಯಲು ಜಾಗವಿಲ್ಲದೆ ಜನ ಕ್ಯಾನು ಹಿಡಿದುಕೊಂಡು ಡೈರಿ ಮುಂದೆ ನಿಂತರು. ದೂರುಗಳು ಬಂದವು, ಗ್ರಾಹಕರು ಒಬ್ಬೊಬ್ಬರಾಗಿ ಬಿಟ್ಟರು. ಖರೀದಿಯಾದ ಇಪ್ಪತ್ತು ತಿಂಗಳಿಗೆ ಒಂದು ಈಮೇಲ್ ಬಂದು ತಂತ್ರಾಂಶ ಮುಚ್ಚಿತು. ಎರಡು ವರ್ಷ ಬಿಟ್ಟುಹೋಗಬಾರದೆಂಬ ಷರತ್ತಿಗೆ ನಮಗೆಲ್ಲ ಬೋನಸ್ ಇತ್ತು. ಅದು ಪೂರ್ತಿ ಕೈಗೆ ಬಂತು. ಆದರೆ ಆರು ವರ್ಷದ ನಮ್ಮ ಕೋಡ್‌ನ ಒಂದು ಸಾಲನ್ನೂ ಮುಟ್ಟುವ ಹಕ್ಕು ನಮಗೆ ಉಳಿದಿರಲಿಲ್ಲ. ಆ ಗ್ರಾಹಕರೇ ಫೋನ್ ಮಾಡಿ ‘ಮತ್ತೆ ಮಾಡಿಕೊಡಿ’ ಎಂದು ಕೇಳಿದರು. ಕಾನೂನಿನ ಪ್ರಕಾರ ಮಾಡುವಂತಿರಲಿಲ್ಲ. ಆ ಫೋನ್ ಕರೆಗಳಿಗೆ ಇಲ್ಲ ಎಂದು ಹೇಳಿದ ದುಃಖ ನನ್ನಲ್ಲಿ ಇನ್ನೂ ಹಾಗೆಯೇ ಇದೆ.

ಅದೇ ವರ್ಷಗಳಲ್ಲಿ ಇನ್ನೊಂದು ಖರೀದಿಯ ಫಲ ನಮ್ಮ ಮೇಜಿನ ಮೇಲೆಯೇ ಕಾಣತೊಡಗಿತ್ತು. ನಮ್ಮ ತಂತ್ರಾಂಶ ಬರೆದದ್ದು ಜಾವಾ ಭಾಷೆಯಲ್ಲಿ. ಊರು, ದಾರಿ, ಹಾಲಿನ ಲೆಕ್ಕವೆಲ್ಲ ಕೂಡಿಟ್ಟದ್ದು ಮೈಎಸ್‌ಕ್ಯುಎಲ್‌ನಲ್ಲಿ. ರಾತ್ರಿ ಹೊತ್ತು ಎಲ್ಲರ ಕೋಡ್ ಜೋಡಿಸಿ ಪರೀಕ್ಷಿಸುತ್ತಿದ್ದದ್ದು ಹಡ್ಸನ್. ಪತ್ರ, ಕೈಪಿಡಿ ಬರೆಯುತ್ತಿದ್ದದ್ದು ಓಪನ್‌ಆಫೀಸ್‌ನಲ್ಲಿ. ನಾಲ್ಕೂ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಒಂದೇ ಕಂಪನಿಯ ಸೂರಿನಡಿ ಇದ್ದವು. 2010ರ ಜನವರಿ 27ರಂದು ನಾಲ್ಕೂ, ದತ್ತಾಂಶ ಕೂಡಿಡುವ ತಂತ್ರಾಂಶ ಮಾರುವ ಒರಾಕಲ್ ಎಂಬ ದೊಡ್ಡ ಕಂಪನಿಯ ಪಾಲಾದವು. ನಾವು ಒಂದು ರೂಪಾಯಿ ಕೊಟ್ಟು ಕೊಂಡ ಸರಕಲ್ಲ, ಆದರೆ ನಮ್ಮ ಅನ್ನ ಬೇಯುತ್ತಿದ್ದದ್ದು ಆ ಒಲೆಯ ಮೇಲೆ. ಹಾಗಾಗಿ ಆ ಸುದ್ದಿಯನ್ನು ನಾವು ಊರ ಕೆರೆಯ ನೀರಿನ ಮಟ್ಟ ನೋಡುವ ಹಾಗೆ ದಿನವೂ ನೋಡುತ್ತಿದ್ದೆವು.

ಸನ್ ಎಂಬ ಹೆಸರು ಮೂಲದಲ್ಲಿ ಸೂರ್ಯನದಲ್ಲ. ಸ್ಟ್ಯಾನ್‌ಫೋರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಎಂಬುದರ ಮೊದಲಕ್ಷರಗಳು. ಆಂಡಿ ಬೆಕ್ಟೋಲ್‌ಶೈಮ್ ಎಂಬ ಜರ್ಮನ್ ವಿದ್ಯಾರ್ಥಿ ಅಲ್ಲಿ ಓದುವಾಗ ತನ್ನ ಕೆಲಸಕ್ಕೆಂದು ಕಟ್ಟಿಕೊಂಡ ಗಣಕಯಂತ್ರವೇ ಅದರ ಬೀಜ. 1982ರಲ್ಲಿ ವಿನೋದ್ ಖೋಸ್ಲಾ, ಸ್ಕಾಟ್ ಮೆಕ್‌ನೀಲಿ ಅವನ ಜೊತೆ ಸೇರಿ ಕಂಪನಿ ತೆರೆದರು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯುನಿಕ್ಸ್ ತಿದ್ದುತ್ತಿದ್ದ ಬಿಲ್ ಜಾಯ್ ಬೇಗನೆ ಬಂದು ಕೂಡಿಕೊಂಡ. ಯಂತ್ರ ಒಂದು ವಿಶ್ವವಿದ್ಯಾಲಯದ್ದು, ಅದನ್ನು ನಡೆಸುವ ತಂತ್ರಾಂಶ ಇನ್ನೊಂದರದ್ದು. ಕಂಪನಿ ಆಗಿನ್ನೂ ಏನನ್ನೂ ಕಂಡುಹಿಡಿದಿರಲಿಲ್ಲ. ಬಿಲ್ ಜಾಯ್ ಹೇಳಿದ್ದೆಂದು ಈ ರಂಗದಲ್ಲಿ ಎಲ್ಲರೂ ನೆನೆಯುವ ಮಾತೊಂದಿದೆ: ನೀವು ಯಾರೇ ಆಗಿರಿ, ಅತ್ಯಂತ ಬುದ್ಧಿವಂತರಲ್ಲಿ ಹೆಚ್ಚಿನವರು ಬೇರೆ ಯಾರ ಬಳಿಯೋ ಕೆಲಸ ಮಾಡುತ್ತಿರುತ್ತಾರೆ. ಸ್ವಂತ ಕಂಪನಿಯ ಹುಟ್ಟನ್ನು ನೋಡಿದವನ ಮಾತು ಅದು.

ಜಾವಾ ಹುಟ್ಟಿದ ಬಗೆಯಂತೂ ನನಗೆ ಎಷ್ಟು ಸಲ ಹೇಳಿದರೂ ಸಾಲದು. 1990ರ ಕೊನೆಯಲ್ಲಿ ಪ್ಯಾಟ್ರಿಕ್ ನಾಟನ್ ಎಂಬ ಎಳೆಯ ಇಂಜಿನಿಯರ್ ಸನ್ ಬಿಟ್ಟು ನೆಕ್ಸ್ಟ್ ಕಂಪನಿಗೆ ಹೊರಟಿದ್ದ. ಮುಖ್ಯಸ್ಥರಾಗಿದ್ದ ಮೆಕ್‌ನೀಲಿ ಅವನನ್ನು ಹಿಡಿದು ನಿಲ್ಲಿಸಿ, ಹೋಗುವ ಮೊದಲು ಇಲ್ಲಿ ಏನೇನು ಕೆಟ್ಟಿದೆಯೋ ಬರೆದುಕೊಡು ಎಂದರು. ಅವನು ಬರೆದ, ಮುಚ್ಚುಮರೆಯಿಲ್ಲದೆ. ಆ ಪತ್ರ ಕಂಪನಿಯೊಳಗೆ ಕೈಯಿಂದ ಕೈಗೆ ಹೋಯಿತು. ಓದಿದವರೆಲ್ಲ ಹೌದು ಹೌದು ಎಂದರು. 1991ರಲ್ಲಿ ನಾಟನ್, ಮೈಕ್ ಶೆರಿಡನ್, ಜೇಮ್ಸ್ ಗೋಸ್ಲಿಂಗ್ ಮತ್ತು ಕೆಲವರಿಗೆ ಮುಖ್ಯ ಕಚೇರಿಯಿಂದ ದೂರ, ಸ್ಯಾಂಡ್ ಹಿಲ್ ರಸ್ತೆಯಲ್ಲಿ ಪ್ರತ್ಯೇಕ ಜಾಗ ಕೊಟ್ಟರು. ಕಂಪನಿಯ ಹಳೆಯ ಸರಕಿಗೆ ಇದು ಹೊಂದುತ್ತದೆಯೇ ಎಂದು ಪ್ರತಿ ವಾರ ಬಂದು ಕೇಳುವವರು ಅಲ್ಲಿರಲಿಲ್ಲ. ಮನೆಬಳಕೆಯ ಉಪಕರಣಗಳು ಒಂದಕ್ಕೊಂದು ಮಾತನಾಡುವಂತೆ ಮಾಡುವುದು ಅವರ ಗುರಿ. ಅದಕ್ಕಾಗಿ ಗೋಸ್ಲಿಂಗ್ ಒಂದು ಹೊಸ ಭಾಷೆ ಬರೆದರು. ಕಿಟಕಿಯಾಚೆ ಇದ್ದ ಓಕ್ ಮರದ ಹೆಸರನ್ನೇ ಅದಕ್ಕಿಟ್ಟರು.

ಆ ಗುರಿ ಈಡೇರಲಿಲ್ಲ. ಟೀವಿಯ ಮೇಲಿಡುವ ಪೆಟ್ಟಿಗೆಗಳ ಗುತ್ತಿಗೆಗೆ ಪ್ರಯತ್ನಪಟ್ಟು 1993ರಲ್ಲಿ ಸೋತರು. ಮೂರು ವರ್ಷದ ಕೆಲಸಕ್ಕೆ ಕೊಳ್ಳುವವರು ಸಿಗಲಿಲ್ಲ. ಅಷ್ಟರಲ್ಲಿ ವೆಬ್ ಬಂತು. ಯಾವ ಯಂತ್ರದಲ್ಲಾದರೂ ಓಡಬೇಕು, ದೂರದಿಂದ ಬಂದ ಕೋಡ್ ಮನೆಯ ಯಂತ್ರವನ್ನು ಕೆಡಿಸಬಾರದು ಎಂದು ಉಪಕರಣಗಳಿಗಾಗಿ ಮಾಡಿಟ್ಟ ವಿನ್ಯಾಸ ವೆಬ್‌ಗೆ ಅಳತೆ ಕೊಟ್ಟು ಹೊಲಿಸಿದಂತೆ ಹೊಂದಿತು. 1995ರ ಮೇ 23ರಂದು ಅದು ಜಾವಾ ಎಂಬ ಹೆಸರಿನಲ್ಲಿ ಹೊರಬಂತು. ನಾನು 1999ರಲ್ಲಿ ಮೈಸೂರಿನ ಕಾಲೇಜಿನಲ್ಲಿ ಅದನ್ನು ಕಲಿಯುವಾಗ ಇದೊಂದೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮನಸ್ಸಿನಲ್ಲಿ ನಿಂತದ್ದು ಸೋತ ಮೂರು ವರ್ಷಗಳು. ಆ ಮೂರು ವರ್ಷದ ನಡುವೆ ಯಾರಾದರೂ ಆ ಕಂಪನಿಯನ್ನು ಕೊಂಡು, ಖರ್ಚಿನ ಪಟ್ಟಿ ಹಿಡಿದು ಕುಳಿತಿದ್ದರೆ, ಮೊದಲು ಗೀಟು ಎಳೆಯುತ್ತಿದ್ದದ್ದು ಸ್ಯಾಂಡ್ ಹಿಲ್ ರಸ್ತೆಯ ಆ ಸಾಲಿನ ಮೇಲೆ.

ಸನ್ ಕೂಡ ಕೊಳ್ಳುವ ಕಂಪನಿಯೇ ಆಗಿತ್ತು. ಓಪನ್‌ಆಫೀಸ್‌ನ ಮೂಲ ಜರ್ಮನಿಯದು. ಮಾರ್ಕೊ ಬೋರೀಸ್ ಹದಿಹರೆಯದಲ್ಲಿ ಶುರುಮಾಡಿದ ಸ್ಟಾರ್ ಡಿವಿಷನ್ ಕಂಪನಿಯದು. ಜಾವಾ ಕೋಡ್ ಬರೆಯಲು ಬಳಸುವ ನೆಟ್‌ಬೀನ್ಸ್ ಪ್ರಾಗ್‌ನ ವಿದ್ಯಾರ್ಥಿಗಳದು. ಎರಡನ್ನೂ 1999ರಲ್ಲಿ ಕೊಂಡು ಮರುವರ್ಷವೇ ಕೋಡ್ ಸಹಿತ ಲೋಕಕ್ಕೆ ಬಿಟ್ಟುಕೊಟ್ಟರು. ಮೈಎಸ್‌ಕ್ಯುಎಲ್ ಸ್ವೀಡನ್ ಮತ್ತು ಫಿನ್‌ಲೆಂಡ್‌ನ ಮೂವರು ಗೆಳೆಯರದು, 2008ರಲ್ಲಿ ಸುಮಾರು 1 ಶತಕೋಟಿ ಡಾಲರಿಗೆ ಸನ್ ಕೊಂಡದ್ದು. ತಮ್ಮ ಯಂತ್ರಗಳನ್ನು ನಡೆಸುವ ತಂತ್ರಾಂಶ ಸೊಲಾರಿಸ್, ಜಾವಾ ಎರಡನ್ನೂ ತೆರೆದಿಟ್ಟರು. ವ್ಯಾಪಾರ ತಿಳಿಯದವರು ಎಂದು ಪತ್ರಿಕೆಗಳು ಬರೆದವು. ಲೆಕ್ಕದಲ್ಲಿ ಪತ್ರಿಕೆಗಳದೇ ಸರಿಯಾಯಿತು: 2000ದ ಡಾಟ್‌ಕಾಮ್ ಉಬ್ಬರದಲ್ಲಿ ಸುಮಾರು 200 ಶತಕೋಟಿ ಡಾಲರ್ ಬಾಳುತ್ತಿದ್ದ ಕಂಪನಿ, 2009ರ ಏಪ್ರಿಲ್‌ನಲ್ಲಿ ಒರಾಕಲ್‌ಗೆ 7.4 ಶತಕೋಟಿಗೆ ಒಪ್ಪಿತು. ದುಬಾರಿ ಯಂತ್ರ ಮಾರಿ ಬದುಕುತ್ತಿದ್ದ ಕಂಪನಿಗೆ ಅಗ್ಗದ ಇಂಟೆಲ್ ಯಂತ್ರಗಳ ಮೇಲೆ ಓಡುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಬಂದ ಮೇಲೆ ಉಳಿಗಾಲವಿರಲಿಲ್ಲ.

ಯುರೋಪಿನ ಸ್ಪರ್ಧಾ ಆಯೋಗ ಮೈಎಸ್‌ಕ್ಯುಎಲ್ ಒಂದರ ಸಲುವಾಗಿ ತಿಂಗಳುಗಟ್ಟಲೆ ಈ ಖರೀದಿಯನ್ನು ತಡೆಹಿಡಿಯಿತು. ಎದುರಾಳಿಯನ್ನೇ ಕೊಂಡು ಕೊಲ್ಲಬಹುದು ಎಂಬ ಅನುಮಾನ. ಡಿಸೆಂಬರ್‌ನಲ್ಲಿ ಒರಾಕಲ್ ಹತ್ತು ವಚನ ಕೊಟ್ಟಿತು, ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಆ ಬಳಿಕ ಶುರುವಾಯಿತು ಹೊರಡುವವರ ಸಾಲು. ಗೋಸ್ಲಿಂಗ್ ಏಪ್ರಿಲ್‌ನಲ್ಲಿ ಹೊರಟರು. ತಾನು ಹುಟ್ಟಿಸಿದ ಭಾಷೆಯ ನಿರ್ಧಾರಗಳಲ್ಲಿ ತನಗೇ ಮಾತಿಲ್ಲವಾಯಿತು ಎಂದು ಆಮೇಲೆ ಹೇಳಿಕೊಂಡರು. ಓಡುತ್ತಿರುವ ಯಂತ್ರದ ಹೊಟ್ಟೆಯೊಳಗೆ ದೀಪ ಹಿಡಿದು ನೋಡುವ ಡಿಟ್ರೇಸ್ ಬರೆದ ಮೂವರಲ್ಲಿ ಒಬ್ಬರಾದ ಬ್ರಯನ್ ಕ್ಯಾಂಟ್ರಿಲ್ ಜುಲೈನಲ್ಲಿ ಹೊರಟರು. ಆಗಸ್ಟ್‌ನಲ್ಲಿ ಒರಾಕಲ್ ಸೊಲಾರಿಸ್‌ನ ಕೋಡ್ ದಿನದಿನ ಪ್ರಕಟಿಸುವುದನ್ನು ನಿಲ್ಲಿಸಿತು. ಅದೇ ತಿಂಗಳು ಹೊರಗೆ ಇಲ್ಯೂಮೋಸ್ ಎಂಬ ಹೆಸರಿನಲ್ಲಿ ಅದೇ ಕೋಡ್ ಮುಂದುವರಿಯಿತು. ಸನ್‌ನಲ್ಲಿಯೇ ಹುಟ್ಟಿದ, ಕಡತಗಳನ್ನು ಕೊಳೆಯದಂತೆ ಕಾಯುವ ಝೆಡ್‌ಎಫ್‌ಎಸ್ ಎಂಬ ಅಪೂರ್ವ ಕೆಲಸ ಇಂದು ಬೆಳೆಯುತ್ತಿರುವುದು ಕೊಂಡವರ ಮನೆಯ ಹೊರಗೆ.

ಹಡ್ಸನ್‌ನದು ನಾನೇ ಕೈಯಾರೆ ಕಂಡ ಕಥೆ. ಕೊಹ್ಸುಕೆ ಕವಾಗುಚಿ ಎಂಬ ಜಪಾನಿ ಇಂಜಿನಿಯರ್ ಸನ್‌ನಲ್ಲಿದ್ದಾಗ, ತಾನು ಸೇರಿಸಿದ ಕೋಡ್ ಆಗಾಗ ಇಡೀ ತಂಡದ ಕೆಲಸ ಮುರಿಯುತ್ತಿತ್ತೆಂದು ಬೇಸತ್ತು, ಎಲ್ಲರಿಗಿಂತ ಮೊದಲು ತಪ್ಪು ತನಗೇ ತಿಳಿಯಲಿ ಎಂದು 2004ರ ಸುಮಾರಿಗೆ ಬರೆದುಕೊಂಡ ಪುಟ್ಟ ಸಾಧನ ಅದು. ಯಾರೂ ಬರೆ ಎಂದು ಹೇಳಿರಲಿಲ್ಲ. ಕೆಲವೇ ವರ್ಷಗಳಲ್ಲಿ ಪ್ರಪಂಚದ ಅರ್ಧಕ್ಕರ್ಧ ಜಾವಾ ತಂಡಗಳು ಅದರ ಮೇಲೆ ನಿಂತಂತೆ ನನಗೆ ಕಾಣುತ್ತಿತ್ತು. 2010ರ ಕೊನೆಗೆ ಕೋಡ್ ಎಲ್ಲಿಡಬೇಕು, ಯಾರ ಮಾತು ನಡೆಯಬೇಕು ಎಂಬ ಜಗಳ ಎದ್ದು, ‘ಹಡ್ಸನ್’ ಎಂಬ ಹೆಸರು ನಮ್ಮದು ಎಂದು ಒರಾಕಲ್ ಹೇಳಿತು. ಹೆಸರು ನಿಮ್ಮದಾದರೆ ಇಟ್ಟುಕೊಳ್ಳಿ ಎಂದು ಬರೆಯುವವರೂ ಬಳಸುವವರೂ ಮತ ಹಾಕಿ, 2011ರ ಆರಂಭದಲ್ಲಿ ಅದನ್ನು ಜೆಂಕಿನ್ಸ್ ಎಂದು ಕರೆದರು.

ಫೆಬ್ರವರಿಯ ಒಂದು ಶನಿವಾರ ನಾನು ಒಬ್ಬನೇ ಕಚೇರಿಗೆ ಹೋದೆ. ಕೆಳಗಿನ ಅಂಗಡಿಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಕಟ್ಟಡ ಮೌನವಾಗಿತ್ತು. ಜೆಂಕಿನ್ಸ್ ಇಳಿಸಿಕೊಂಡೆ, ಹಡ್ಸನ್ ನಿಲ್ಲಿಸಿದೆ, ಹಳೆಯ ಫೋಲ್ಡರನ್ನೇ ಇದಕ್ಕೆ ತೋರಿಸಿ ಚಾಲೂ ಮಾಡಿದೆ. ಅರ್ಧ ನಿಮಿಷದಲ್ಲಿ ನಮ್ಮ ಮೂವತ್ತೊಂದು ಕೆಲಸಗಳೂ ಇದ್ದಲ್ಲಿಯೇ ಬಂದು ನಿಂತವು, ನಾಲ್ಕು ವರ್ಷದ ಚರಿತ್ರೆ ಸಮೇತ. ಪುಟದ ನೆತ್ತಿಯ ಮೇಲಿನ ಹೆಸರೊಂದು ಬದಲಾಗಿತ್ತು. ಸಾವಿರಾರು ಕಚೇರಿಗಳಲ್ಲಿ ಅದೇ ವಾರಗಳಲ್ಲಿ ಹೀಗೇ ಆಗಿರಬೇಕು. ಹೆಸರು ಉಳಿಸಿಕೊಂಡ ಹಡ್ಸನ್ ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ನಿಂತುಹೋಯಿತು. ಜೆಂಕಿನ್ಸ್ ಈಗಲೂ ನನ್ನ ಈಗಿನ ಕಚೇರಿಯಲ್ಲಿ ಓಡುತ್ತಿದೆ.

ಓಪನ್‌ಆಫೀಸ್‌ನವರೂ 2010ರ ಸೆಪ್ಟೆಂಬರ್ 28ರಂದು ಹೀಗೆಯೇ ಎದ್ದು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಈ ಬರಹವನ್ನು ನಾನು ಬರೆಯುತ್ತಿರುವುದು ಅದರಲ್ಲಿ. ಮೇಲಿನ ಪಟ್ಟಿಯಲ್ಲಿ ‘ಕಡತ’ ಎಂದು ಕನ್ನಡದಲ್ಲಿಯೇ ಇದೆ. ಹಳೆಯ ಓಪನ್‌ಆಫೀಸ್‌ಗೆ ಸಂಜೆ ಹೊತ್ತು ಕುಳಿತು ಒಂದೊಂದೇ ಪದ ಕನ್ನಡಿಸಿದವರ ದುಡಿಮೆಯೂ ಕೋಡ್ ಜೊತೆಗೇ ಹೊಸ ಮನೆಗೆ ಬಂತು. ಮೈಎಸ್‌ಕ್ಯುಎಲ್ ಬರೆದವರಲ್ಲಿ ಮುಖ್ಯರಾದ ಮೈಕೆಲ್ ವಿಡೇನಿಯಸ್ ಒರಾಕಲ್ ಬರುವ ಮುನ್ನವೇ ಸನ್ ಬಿಟ್ಟಿದ್ದರು. ಮೊದಲ ಮಗಳು ಮೈ ಹೆಸರಿನಲ್ಲಿ ಮೈಎಸ್‌ಕ್ಯುಎಲ್ ಆಗಿತ್ತು. ಅದೇ ಕೋಡ್ ಹಿಡಿದು ಕಿರಿಯ ಮಗಳು ಮಾರಿಯಾಳ ಹೆಸರಿನಲ್ಲಿ ಮಾರಿಯಾಡಿಬಿ ಶುರುಮಾಡಿದರು. ಕಂಪನಿ ಮಾರಿ ದುಡ್ಡು ತೆಗೆದುಕೊಂಡು ಮತ್ತೆ ಹಕ್ಕು ಕೇಳುತ್ತಾರೆ ಎಂದು ಬೈದವರಿದ್ದರು. ನನಗೆ ಆ ಬೈಗುಳದಲ್ಲಿ ಅರ್ಧ ನ್ಯಾಯ ಕಾಣುತ್ತದೆ. ಆದರೆ ಅವರು ಒಯ್ದದ್ದು ಯಾರು ಬೇಕಾದರೂ ಒಯ್ಯಬಹುದಾಗಿದ್ದ ಕೋಡ್. 2013ರಲ್ಲಿ ವಿಕಿಪೀಡಿಯ ತನ್ನ ದತ್ತಾಂಶವನ್ನು ಮಾರಿಯಾಡಿಬಿಗೆ ಸಾಗಿಸಿತು. ಕನ್ನಡ ವಿಕಿಪೀಡಿಯದಲ್ಲಿ ಹಂಪಿಯ ಪುಟವನ್ನೋ ಜೋಗದ ಪುಟವನ್ನೋ ತೆರೆದಾಗ ಅಕ್ಷರಗಳು ಎದ್ದು ಬರುವುದು ಅಲ್ಲಿಂದ.

ಒರಾಕಲ್ ಕೆಟ್ಟದ್ದು, ಸನ್ ಒಳ್ಳೆಯದು ಎಂದು ಹೇಳಿ ಮುಗಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಜಾವಾದ ಆರನೆಯ ಆವೃತ್ತಿ ಬಂದದ್ದು 2006ರ ಕೊನೆಗೆ. ಆಮೇಲೆ ಸನ್‌ನ ಕಡೆಯ ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ನಿಂತ ನೀರಾಗಿತ್ತು. ಏಳನೆಯದನ್ನು 2011ರಲ್ಲಿ ಹೊರತಂದದ್ದು ಒರಾಕಲ್. 2014ರ ಎಂಟನೆಯ ಆವೃತ್ತಿ ನಾವು ಬರೆಯುವ ರೀತಿಯನ್ನೇ ಬದಲಾಯಿಸಿತು. 2017ರಿಂದ ಆರು ತಿಂಗಳಿಗೊಂದು ಆವೃತ್ತಿ ತಪ್ಪದೆ ಬರುತ್ತಿದೆ. ಮೈಎಸ್‌ಕ್ಯುಎಲ್ ಕೂಡ ಸಾಯಲಿಲ್ಲ. ಸಂಬಳ ಸರಿಯಾಗಿ ಕೊಡುವ, ಹತ್ತು ವರ್ಷದ ಕೆಲಸಕ್ಕೆ ತಾಳ್ಮೆಯಿಂದ ಹಣ ಹಾಕುವ ಯಜಮಾನನಿಂದ ಆಗುವ ಕೆಲಸವೊಂದಿದೆ. ಅದನ್ನು ನಾನು ಜಾವಾದಲ್ಲಿ ದಿನವೂ ಅನುಭವಿಸುತ್ತೇನೆ. ಆದರೆ ಮೈಎಸ್‌ಕ್ಯುಎಲ್‌ನ ಪಕ್ಕದಲ್ಲಿ ಮಾರಿಯಾಡಿಬಿ ಇದೆ. ಜಾವಾದ ಕೋಡ್ ಓಪನ್‌ಜೆಡಿಕೆಯಾಗಿ ಎಲ್ಲರ ಕೈಗೂ ಸಿಗುತ್ತದೆ. ಯಜಮಾನ ಹದ ತಪ್ಪಿದರೆ ಜನ ಎದ್ದು ಹೋಗಬಹುದು ಎಂಬುದು ಯಜಮಾನನಿಗೂ ಗೊತ್ತು. ಒಳ್ಳೆಯ ನಡತೆಗೆ ಆ ಅರಿವೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಬಾಗಿಲು ಹಾಕಲು ಪ್ರಯತ್ನ ನಡೆಯದೆ ಇರಲಿಲ್ಲ. ಖರೀದಿಯಾದ ಏಳೇ ತಿಂಗಳಿಗೆ, 2010ರ ಆಗಸ್ಟ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಜಾವಾದ ಸುಮಾರು 11,500 ಸಾಲುಗಳನ್ನು ಬಳಸಿದ್ದಕ್ಕೆ ಒರಾಕಲ್ ಗೂಗಲ್ ಮೇಲೆ ದಾವೆ ಹೂಡಿತು. ಅವು ಕೆಲಸ ಮಾಡುವ ಸಾಲುಗಳಲ್ಲ. ಯಾವ ಕೆಲಸಕ್ಕೆ ಯಾವ ಹೆಸರಿನಿಂದ ಕೂಗಬೇಕು ಎಂದು ಗೊತ್ತುಪಡಿಸುವ ಸಾಲುಗಳು. ಹೊಸ ಊರಿನಲ್ಲಿಯೂ ಅಕ್ಕಸಾಲಿಗರ ಬೀದಿಗೆ ಹಳೆಯ ಹೆಸರನ್ನೇ ಇಟ್ಟರೆ ಬಂದವರಿಗೆ ದಾರಿ ಸಿಗುತ್ತದಲ್ಲ, ಹಾಗೆ. ಆ ಹೆಸರುಗಳನ್ನು ಬಾಯಿಪಾಠ ಮಾಡಿದ ಲಕ್ಷಾಂತರ ಪ್ರೋಗ್ರಾಮರುಗಳಲ್ಲಿ ನಾನೂ ಒಬ್ಬ. ಹೆಸರು ನನ್ನ ನಾಲಗೆಯ ಮೇಲಿದ್ದರೂ ಅದು ಇನ್ನೊಬ್ಬರ ಆಸ್ತಿಯೇ ಎಂಬ ಪ್ರಶ್ನೆಗೆ ಹತ್ತು ವರ್ಷ ಹಿಡಿಯಿತು. 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು 6–2ರ ಬಹುಮತದಲ್ಲಿ ಗೂಗಲ್ ಮಾಡಿದ್ದು ನ್ಯಾಯೋಚಿತ ಬಳಕೆ ಎಂದಿತು. ಆ ರಾತ್ರಿ ನಾನು ಹೊತ್ತುಮೀರಿ ಎಚ್ಚರವಿದ್ದು ತೀರ್ಪು ಓದಿದೆ. ಗೂಗಲ್ ಗೆದ್ದರೆ ನನಗೇನೂ ಲಾಭವಿಲ್ಲ. ಕಲಿತದ್ದನ್ನು ಬಳಸುವ ಹಕ್ಕು ಉಳಿಯಿತು ಎಂಬ ಸಮಾಧಾನ, ಅಷ್ಟೆ.

2016ರಲ್ಲಿ ಕಚೇರಿಯ ಕೆಲಸದ ಮೇಲೆ ಕ್ಯಾಲಿಫೋರ್ನಿಯಕ್ಕೆ ಹೋಗಿದ್ದೆ. ಅಲ್ಲಿ ನೆಲೆಸಿರುವ ಕಾಲೇಜು ಗೆಳೆಯ ಭಾನುವಾರ ಮೆನ್ಲೊ ಪಾರ್ಕಿಗೆ ಕರೆದುಕೊಂಡು ಹೋದ. ಸನ್ ಕಂಪನಿಯ ಹಳೆಯ ಆವರಣ ಆಗ ಫೇಸ್‌ಬುಕ್‌ನದು. ಹೆಬ್ಬಾಗಿಲ ಬಳಿ ಮೇಲೆತ್ತಿದ ಹೆಬ್ಬೆರಳಿನ ದೊಡ್ಡ ಫಲಕ. ಅದರ ಮುಂದೆ ಫೋಟೊ ತೆಗೆಸಿಕೊಳ್ಳಲು ಜನರ ಸಾಲು. ನಾವು ಫಲಕದ ಬೆನ್ನ ಹಿಂದೆ ಹೋದೆವು. ಅಲ್ಲಿ ಮಾಸಿದ ಬಣ್ಣದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಹೆಸರು ಹಾಗೆಯೇ ಇತ್ತು. ಹೊಸಬರು ಹಳೆಯ ಫಲಕವನ್ನೇ ತಿರುಗಿಸಿ ಹಾಕಿದ್ದರು, ತಮ್ಮವರಿಗೆ ಒಂದು ನೆನಪಿರಲಿ ಎಂದು. ನಾನು ಆ ಅಕ್ಷರಗಳ ಮೇಲೆ ಕೈಯಿಟ್ಟೆ. ಬಿಸಿಲಿಗೆ ಫಲಕ ಕಾದಿತ್ತು. ಗೆಳೆಯ ನೂರು ಮಾತು ಆಡುವವನು, ಅವನೂ ಸುಮ್ಮನೆ ನಿಂತಿದ್ದ. ಅವನು ಬೆಂಗಳೂರಿನ ಸನ್ ಕೇಂದ್ರದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು.

ಬೆಂಗಳೂರಿನಲ್ಲಿ ಈಗ ಕಂಪನಿ ಶುರುಮಾಡುವ ಹುಡುಗ ಹುಡುಗಿಯರು ಮೊದಲ ವರ್ಷದಲ್ಲಿಯೇ ‘ಎಕ್ಸಿಟ್’, ಅಂದರೆ ಕಂಪನಿ ಮಾರಿ ಹಣ ಪಡೆದು ಹೊರಬರುವುದು, ಎಂಬ ಮಾತು ಆಡುತ್ತಾರೆ. 2018ರಲ್ಲಿ ವಾಲ್‌ಮಾರ್ಟ್ 16 ಶತಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ 77 ಪ್ರತಿಶತ ಕೊಂಡ ಮೇಲೆ ಆ ಪದಕ್ಕೆ ಹಬ್ಬದ ಕಳೆ ಬಂದಿದೆ. ತಪ್ಪಿಲ್ಲ, ನಮ್ಮ ಹದಿನಾಲ್ಕು ಜನರಲ್ಲಿ ಮೂವರು ಆ ದುಡ್ಡಿನಲ್ಲಿಯೇ ಮನೆ ಕಟ್ಟಿದರು. ಇಂಥವರು ಯಾರಾದರೂ ಸಲಹೆಗೆಂದು ಬಂದಾಗ ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಹಣ ಹೊರಬರುವ ದಾರಿ ಯೋಚಿಸಿದ್ದೀರಿ, ಕೆಲಸ ಹೊರಬರುವ ದಾರಿ ಯಾವುದು? ಕೊಂಡವರಿಗೆ ಬೇಡವಾದ ದಿನ ಈ ಕೋಡ್ ಯಾರ ಕೈ ಸೇರುತ್ತದೆ? ಬೇಡವಾದರೆ ಇಷ್ಟು ವರ್ಷದೊಳಗೆ ಮುಕ್ತ ಪರವಾನಗಿಯಡಿ ಬಿಟ್ಟುಕೊಡಬೇಕು ಎಂದು ಕರಾರಿನಲ್ಲಿ ಒಂದು ಕಲಮು ಸೇರಿಸಿ ಎಂದು ಬೇಡಿಕೊಳ್ಳುತ್ತೇನೆ. ಮೊದಲಿನಿಂದಲೇ ತೆರೆದಿಟ್ಟರೆ ಇನ್ನೂ ಒಳ್ಳೆಯದು. ಕೊಳ್ಳುವವರ ವಕೀಲರು ಒಪ್ಪುವುದಿಲ್ಲ ಎಂದು ಹೆಚ್ಚಿನವರು ಹೇಳುತ್ತಾರೆ. ಇಬ್ಬರು ಸೇರಿಸಿದ್ದಾರೆ.

ಕಳೆದ ತಿಂಗಳು ಯಾವುದೋ ಸಂದೇಹಕ್ಕೆ ಇಲ್ಯೂಮೋಸ್‌ನ ಕೋಡ್ ತೆರೆದು ನೋಡುತ್ತಿದ್ದೆ. ಕಡತದ ನೆತ್ತಿಯ ಮೇಲೆ ಕೃತಿಸ್ವಾಮ್ಯದ ಸಾಲು: ಸನ್ ಮೈಕ್ರೋಸಿಸ್ಟಮ್ಸ್. ಅದರ ಕೆಳಗೆ ಆಮೇಲೆ ತಿದ್ದಿದವರ ಹೆಸರುಗಳು ಒಂದರ ಕೆಳಗೊಂದು. ಕಂಪನಿ ಇಲ್ಲವಾಗಿ ಇಷ್ಟು ವರ್ಷವಾದರೂ ಆ ಸಾಲಿನ ಕೆಳಗೆ ಈ ವಾರ ಯಾರೋ ಒಂದು ತಪ್ಪು ಸರಿಪಡಿಸಿದ್ದರು. ನಮ್ಮ ಇನ್ನೂರು ನಿಯಮಗಳು ನೆನಪಾದವು. ಅವು ಯಾವ ದೇಶದ ಯಾವ ಸರ್ವರಿನಲ್ಲಿ ಬೀಗದೊಳಗಿವೆಯೋ, ಅಳಿಸಿಯೇ ಹೋಗಿವೆಯೋ. ನೆನಪಿದ್ದಷ್ಟನ್ನು ಒಂದು ಕಾಗದದ ಮೇಲೆ ಬರೆಯತೊಡಗಿದೆ. ಹದಿನೇಳು ಬರೆದು ನಿಂತೆ. ಮದ್ದೂರಿನ ಹಿರಿಯರಿಗೆ ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಊರಲ್ಲಿ ತೆಂಗು, ಕಬ್ಬು ನೋಡಿಕೊಂಡಿದ್ದಾರೆ.

‘ಸರ್, ಗುರುವಾರದ ಸಂತೆಗೆ 25 ನಿಮಿಷವೇ ತಾನೇ ನಾವು ಹಾಕಿದ್ದು?’ ಎಂದು ಕೇಳಿದೆ.

‘ಈಗ ಅದು ಆಗುವುದಿಲ್ಲಪ್ಪ,’ ಎಂದರು. ‘ಸಂತೆಯನ್ನು ಬೈಪಾಸ್ ಪಕ್ಕದ ಬಯಲಿಗೆ ಸಾಗಿಸಿದ್ದಾರೆ. ಹತ್ತು ನಿಮಿಷ ಸಾಕು. ಆದರೆ ಯುಗಾದಿಯ ಹಿಂದಿನ ಗುರುವಾರ ಮಾತ್ರ ನಲವತ್ತು ಹಾಕಿಕೊ.’